ಮುಖಪುಟದಲ್ಲಿ ಏಳು ಜನ, ಒಳಗೆ ಇಬ್ಬರ ಜಗಳ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಬರಹ ಓದಿದೆ. 2011ರ ‘ಜಸ್ಟಿಸ್ ಲೀಗ್’ ಕಾಮಿಕ್ಸಿನ ಮೊದಲ ಸಂಚಿಕೆಯ ಮೇಲೆ ನಿನಗೆ ಎಷ್ಟು ಸಿಟ್ಟಿದೆ ಅಂತ ಚೆನ್ನಾಗಿ ಗೊತ್ತಾಯಿತು. ‘ಮೋಸ’, ‘ದಂಡ’, ‘ತಲೆನೋವು’, ‘ದುಡ್ಡು ಹಾಳು’, ಎಲ್ಲ ಮೊದಲ ಪ್ಯಾರಾದಲ್ಲೇ ಬಂದು ಕೂತಿವೆ. ಸಂಚಿಕೆಯ ಒಳಗೆ ಏನಿತ್ತು ಅನ್ನೋದು ಮಾತ್ರ ಕೊನೆವರೆಗೂ ಬರಲಿಲ್ಲ. ನಿನಗೆ ಬಂದ ಸಿಟ್ಟು ಓದುವವರಿಗೂ ಬರಬೇಕು ಅಲ್ವಾ? ನನಗೆ ಬರಲಿಲ್ಲ.

ನಿನ್ನ ಸಿಟ್ಟು ತಪ್ಪು ಅಂತಲ್ಲ. ಆ ಸಂಚಿಕೆ ಓದಿ ನನಗೂ ನಿರಾಸೆ ಆಗಿತ್ತು. ಆದರೆ ನಿರಾಸೆ ಆಗೋದು ಯಾವುದೋ ಒಂದು ಜಾಗದಲ್ಲಿ. ಯಾವ ಪುಟದಲ್ಲಿ ಆಯಿತು, ಅದಕ್ಕೆ ಮೊದಲು ಏನು ಕಾಯುತ್ತಿದ್ದೆ, ಅದನ್ನು ಹುಡುಕಿ ತೆಗೆದು ಬರಿ. ಉಳಿದದ್ದೆಲ್ಲ ಬರೀ ಬೈಗುಳ.

ನನ್ನ ಲೆಕ್ಕದಲ್ಲಿ ಅದು ಮುಖಪುಟದಿಂದಲೇ ಶುರುವಾಗುತ್ತದೆ. ಜಿಮ್ ಲೀ ಬರೆದ ಚಿತ್ರದಲ್ಲಿ ಏಳು ಜನ ನಿಂತಿದ್ದಾರೆ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್, ಗ್ರೀನ್ ಲ್ಯಾಂಟರ್ನ್, ಫ್ಲ್ಯಾಶ್, ಅಕ್ವಾಮ್ಯಾನ್, ಸೈಬೋರ್ಗ್. ಪ್ರಕಾಶಕರಾದ ಡಿಸಿಯವರು ತಮ್ಮ ಪತ್ರಿಕೆಗಳ ಹಳೇ ಸಂಖ್ಯೆಗಳನ್ನು ಬದಿಗಿಟ್ಟು, 52 ಪತ್ರಿಕೆಗಳನ್ನು ಒಂದನೇ ನಂಬರಿನಿಂದ ಶುರು ಮಾಡಿದ ಹೊತ್ತು ಅದು. ಅವುಗಳಲ್ಲಿ ಮೊದಲನೆಯದಾಗಿ ಆಗಸ್ಟ್ 31ರಂದು ಬಂದದ್ದೇ ಈ ಸಂಚಿಕೆ. ಹೊಸಬರು ಬನ್ನಿ, ಇಲ್ಲಿಂದ ಓದಿ, ತಂಡ ಹೇಗೆ ಹುಟ್ಟಿತು ಅಂತ ಹೇಳುತ್ತೇವೆ ಅಂದರು. ಬೆಲೆ 3.99 ಡಾಲರ್.

ಒಳಗೆ ನೋಡಿದರೆ ಗಾಥಮ್ ನಗರದ ಮಾಳಿಗೆಗಳ ಮೇಲೆ ಬ್ಯಾಟ್‌ಮ್ಯಾನ್ ಒಂದು ವಿಚಿತ್ರ ಜೀವಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾನೆ. ಪೊಲೀಸ್ ಹೆಲಿಕಾಪ್ಟರುಗಳು ಇಬ್ಬರ ಮೇಲೂ ಗುಂಡು ಹಾರಿಸುತ್ತಿವೆ. ಬೆರಳಿನ ಉಂಗುರದಿಂದ ಶಕ್ತಿ ಪಡೆಯುವ ಗ್ರೀನ್ ಲ್ಯಾಂಟರ್ನ್ ಬರುತ್ತಾನೆ. ಇಬ್ಬರೂ ಮಾತಿಗೆ ಮಾತು ಬೆಳೆಸುತ್ತಾರೆ. ನಡುವೆ ವಿಕ್ಟರ್ ಸ್ಟೋನ್ ಅನ್ನೋ ಹುಡುಗನ ಫುಟ್‌ಬಾಲ್ ಪಂದ್ಯ. ಅವನ ಅಪ್ಪ ನೋಡಲು ಬಂದಿಲ್ಲ. ಇವನೇ ಮುಂದೆ ಸೈಬೋರ್ಗ್ ಆಗೋದು, ಆದರೆ ಹೊಸ ಓದುಗನಿಗೆ ಅದು ಹೇಗೆ ಗೊತ್ತಾಗಬೇಕು? ಕೊನೆಗೆ ಬ್ಯಾಟ್‌ಮ್ಯಾನ್, ಗ್ರೀನ್ ಲ್ಯಾಂಟರ್ನ್ ಇಬ್ಬರೂ ಸೂಪರ್‌ಮ್ಯಾನ್ ಊರಾದ ಮೆಟ್ರೊಪೊಲಿಸ್‌ಗೆ ಹೋಗುತ್ತಾರೆ. ಸೂಪರ್‌ಮ್ಯಾನ್ ಗ್ರೀನ್ ಲ್ಯಾಂಟರ್ನ್‌ಗೆ ಒಂದು ಏಟು ಬಿಟ್ಟು, ನಿನಗೇನು ಬರುತ್ತೆ ಅಂತ ಬ್ಯಾಟ್‌ಮ್ಯಾನ್ ಕಡೆ ತಿರುಗುತ್ತಾನೆ. ಸಂಚಿಕೆ ಮುಗಿಯಿತು.

ತಂಡದ ಹುಟ್ಟಿನ ಕಥೆಯಲ್ಲಿ ತಂಡವೇ ಇಲ್ಲ. ಎಲೆ ಹಾಕಿ ಉಪ್ಪು, ಉಪ್ಪಿನಕಾಯಿ ಬಡಿಸಿ ಕೈ ತೊಳೆಯೋಕೆ ಕಳಿಸಿದ ಹಾಗಾಯಿತು ಅಂತ ನೀನು ಬರೆದಿದ್ದೀಯಲ್ಲ, ಇಡೀ ಬರಹದಲ್ಲಿ ನನಗೆ ಹಿಡಿಸಿದ್ದು ಆ ಸಾಲು. ಅದನ್ನು ಮೂರನೇ ಪುಟದಲ್ಲಿ ಯಾಕೆ ಬಚ್ಚಿಟ್ಟಿದ್ದೀಯ? ಮುಂದಕ್ಕೆ ತಾ.

ಇನ್ನು ಉಂಗುರದ ವಿಷಯ. ಈ ಸಂಚಿಕೆಯಲ್ಲಿ ಏನೂ ಇಲ್ಲ ಅಂತ ಒಂದೇ ಏಟಿಗೆ ಬರೆದುಬಿಟ್ಟಿದ್ದೀಯ. ಇದೆ ಮಾರಾಯಾ. ಗ್ರೀನ್ ಲ್ಯಾಂಟರ್ನ್ ಬಂದವನೇ ನಿನಗೆ ಹಾರೋಕೆ ಬರುತ್ತಾ, ಭಾರೀ ಬಲ ಇದೆಯಾ ಅಂತ ವಿಚಾರಿಸುತ್ತಾನೆ. ಯಾವುದೂ ಇಲ್ಲ, ಇವನು ಬಾವಲಿ ವೇಷ ಹಾಕಿದ ಮಾಮೂಲಿ ಮನುಷ್ಯ ಅಂತ ತಿಳಿದಾಗ ಅವನಿಗೆ ನಂಬೋಕೇ ಆಗೋದಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ ಅವನ ಉಂಗುರ ಬ್ಯಾಟ್‌ಮ್ಯಾನ್ ಕೈಯಲ್ಲಿ! ಬೆರಳಿಂದ ಯಾವಾಗ ಎಗರಿಸಿದ ಅಂತಲೇ ಗೊತ್ತಿಲ್ಲ. ನಿನ್ನ ಗಮನ ಇಲ್ಲಿರಲಿಲ್ಲ, ಅದಕ್ಕೇ ಸಿಕ್ಕಿತು ಅಂತಾನೆ ಬ್ಯಾಟ್‌ಮ್ಯಾನ್. ಒಬ್ಬನ ಜಂಬ, ಇನ್ನೊಬ್ಬನ ಕಣ್ಣು, ಎರಡೂ ನಾಲ್ಕಾರು ಚೌಕಗಳಲ್ಲಿ ಬಂದುಬಿಟ್ಟವು. ಇಂಥ ಇಬ್ಬರು ಒಂದೇ ತಂಡದಲ್ಲಿ ಹೇಗೆ ಏಗುತ್ತಾರೋ ಅಂತ ಕುತೂಹಲ ಹುಟ್ಟುತ್ತದೆ. ಇದನ್ನು ನೀನು ಒಪ್ಪಿಕೊಂಡರೆ ನಿನ್ನ ದೂರು ಇನ್ನೂ ಗಟ್ಟಿಯಾಗುತ್ತದೆ. ಇಷ್ಟು ಚೆನ್ನಾಗಿ ಬರೆಯಬಲ್ಲವರು ಉಳಿದ ಐವರಿಗೆ ಯಾಕೆ ಜಾಗ ಕೊಡಲಿಲ್ಲ ಅಂತ ಆಮೇಲೆ ಕೇಳಬಹುದು.

ಹಳೇ ಕಾಲದ ಕಾಮಿಕ್ಸೇ ವಾಸಿ ಅಂತ ‘ಅವೆಂಜರ್ಸ್’ ಹೆಸರು ಎಳೆದು ತಂದಿದ್ದೀಯ. ಸುಮ್ನೆ ಹೆಸರು ಹೇಳಿದರೆ ಸಾಲದು, ಪಕ್ಕದಲ್ಲಿಟ್ಟು ತೋರಿಸಬೇಕು. 1963ರ ಆ ಮೊದಲ ಸಂಚಿಕೆಗೆ 12 ಸೆಂಟ್ ಬೆಲೆ. ಸ್ಟ್ಯಾನ್ ಲೀ, ಜಾಕ್ ಕರ್ಬಿ ಒಂದೇ ಸಂಚಿಕೆಯಲ್ಲಿ ಎಲ್ಲ ಮುಗಿಸಿದರು. ಥಾರ್‌ನ ವೈರಿ ಲೋಕಿ ಹಲ್ಕ್ ಮೇಲೆ ಅಪವಾದ ಹೊರಿಸುತ್ತಾನೆ. ಹಲ್ಕ್‌ನ ಗೆಳೆಯ ರಿಕ್ ಜೋನ್ಸ್ ಮತ್ತು ಅವನ ಹುಡುಗರು ರೇಡಿಯೊದಲ್ಲಿ ಇನ್ನೊಂದು ಸಾಹಸಿಗಳ ತಂಡವಾದ ಫೆಂಟಾಸ್ಟಿಕ್ ಫೋರ್‌ಗೆ ಕರೆ ಕಳಿಸುತ್ತಾರೆ. ಥಾರ್‌ನನ್ನು ಎಳೆಯೋಕೆ ಲೋಕಿ ಅದನ್ನು ತಿರುಗಿಸಿದರೆ, ಐರನ್ ಮ್ಯಾನ್, ಆ್ಯಂಟ್-ಮ್ಯಾನ್, ವಾಸ್ಪ್ ಕಿವಿಗೂ ಬೀಳುತ್ತದೆ. ಕೊನೆಗೆ ತಂಡ ಕಟ್ಟುತ್ತಾರೆ, ಹೆಸರು ಇಡೋದು ವಾಸ್ಪ್. ಆದರೆ ಅದೂ ಚಿನ್ನವೇನಲ್ಲ. ನಡುವೆ ಹಲ್ಕ್ ಕೋಡಂಗಿ ಬಣ್ಣ ಬಳಿದುಕೊಂಡು ಸರ್ಕಸ್ಸಿನಲ್ಲಿ ರೋಬೋಟ್ ಅಂತ ನಟಿಸುತ್ತಾನೆ! ಎಲ್ಲ ಗಡಿಬಿಡಿ, ಎಲ್ಲ ಕಾಕತಾಳೀಯ. ಎರಡನೇ ಸಂಚಿಕೆಗೇ ಹಲ್ಕ್ ತಂಡ ಬಿಟ್ಟು ಹೋದ. ಕ್ಯಾಪ್ಟನ್ ಅಮೆರಿಕ ಬಂದದ್ದು 1964ರಲ್ಲಿ, ನಾಲ್ಕನೇ ಸಂಚಿಕೆಗೆ. ಹಾಗಾಗಿ ಹಳೆಯದು ಒಳ್ಳೆಯದು, ಹೊಸದು ಕೆಟ್ಟದ್ದು ಅನ್ನೋ ವಾದ ನಿಲ್ಲೋದಿಲ್ಲ. ಹಣ ಕೊಟ್ಟವನಿಗೆ ಒಂದು ಪೂರ್ತಿ ಕಥೆ ಸಿಕ್ಕಿತು, ಅಷ್ಟು ಮಾತ್ರ ಹೇಳಬಹುದು.

2011ರ ಕಥೆಯನ್ನು ಬೇರೆ ಲೆಕ್ಕದಲ್ಲಿ ಹೆಣೆದಿದ್ದಾರೆ. ಆರು ಸಂಚಿಕೆಗಳ ಕಥೆ ಅದು. 2012ರಲ್ಲಿ ಒಂದೇ ಪುಸ್ತಕವಾಗಿ ಬಂತು. ಪುಸ್ತಕದಲ್ಲಿ ಓದಿದವರಿಗೆ ಸೂಪರ್‌ಮ್ಯಾನ್ ಏಟು ಕೊಟ್ಟ ಮರುಕ್ಷಣವೇ ಮುಂದಿನ ಪುಟ ಇದೆ. ಬಿಡಿ ಸಂಚಿಕೆ ಕೊಂಡವರು ಮುಂದಿನ ಸಂಚಿಕೆ ಬರುವ ತನಕ ಕಾಯಬೇಕಿತ್ತು. ಇವರಲ್ಲಿ ಯಾರ ಪರವಾಗಿ ದೂರುತ್ತಿದ್ದೀಯ ಅನ್ನೋದನ್ನು ಮೊದಲೇ ಹೇಳಿಬಿಡು. ವಾರಪತ್ರಿಕೆಯ ಧಾರಾವಾಹಿಗಳನ್ನು ಓದಿ ಬೆಳೆದ ನಮ್ಮವರಿಗೆ ‘ಸಶೇಷ’ ಹೊಸದೇನಲ್ಲ. ಒಳ್ಳೆ ಕಂತು ಆ ವಾರದ ಪಾಲನ್ನು ಆ ವಾರವೇ ಕೊಡುತ್ತದೆ. ಇದು ಕೊಡಲಿಲ್ಲ ಅನ್ನೋದೇ ನಿನ್ನ ವಾದವಾದರೆ ನಾನು ನಿನ್ನ ಕಡೆ.

ಇನ್ನೊಂದು ಸಂಗತಿ ನಿನಗೆ ಉಪಯೋಗಕ್ಕೆ ಬರಬಹುದು. ಇದೇ ಜಸ್ಟಿಸ್ ಲೀಗ್ 1960ರಲ್ಲಿ ಮೊದಲು ಕಾಣಿಸಿಕೊಂಡಾಗ ಹುಟ್ಟಿನ ಕಥೆಯೇ ಇರಲಿಲ್ಲ. ತಂಡ ಆಗಲೇ ಇತ್ತು. ಸ್ಟಾರೊ ಅನ್ನೋ ದೈತ್ಯ ನಕ್ಷತ್ರಮೀನಿನ ಜೊತೆ ಸೀದಾ ಕಾದಾಟ. ಹೇಗೆ ಸೇರಿದರು ಅಂತ ಹೇಳಿದ್ದು 1962ರಲ್ಲಿ, ಅವರದೇ ಪತ್ರಿಕೆಯ ಒಂಬತ್ತನೇ ಸಂಚಿಕೆಯಲ್ಲಿ. ಅಲ್ಲಿಯವರೆಗೆ ಓದುಗರು ಆರಾಮಾಗಿ ಓದಿಕೊಂಡೇ ಇದ್ದರು! ಹುಟ್ಟಿನ ಕಥೆ ಬೇಕೇಬೇಕು ಅನ್ನೋದು ಯಾರ ಹಟವೋ ಏನೋ. ಹೇಳಲು ಹೊರಟ ಮೇಲೆ ಮಾತ್ರ, ಇವರಿಗೆ ಒಬ್ಬರು ಇನ್ನೊಬ್ಬರು ಯಾಕೆ ಬೇಕು ಅಂತ ಸ್ವಲ್ಪವಾದರೂ ಕಾಣಿಸಬೇಕು.

ಬರೆದವರು ಮೈಗಳ್ಳರು, ದುಡ್ಡಿಗೆ ಬಿದ್ದವರು ಅಂತ ಎರಡು ಪ್ಯಾರಾ ಇದೆ. ಕಿತ್ತುಹಾಕು. ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪುಟದ ಮೇಲೆ ಇರೋದು ಇಬ್ಬರಿಗೂ ಕಾಣುತ್ತದೆ. ಆ ಜಾಗದಲ್ಲಿ ನೀನು ಏನು ನೋಡಬೇಕು ಅಂತ ಆಸೆಪಟ್ಟಿದ್ದೆ ಅಂತ ಬರಿ. ವಂಡರ್ ವುಮನ್ ಬಂದಿದ್ದರೆ ಆ ಜಗಳ ಹೇಗೆ ತಿರುಗುತ್ತಿತ್ತು? ಅಭಿಮಾನಿ ಮಾತ್ರ ಬರೆಯಬಹುದಾದದ್ದು ಅದು.

ಗ್ರೀನ್ ಲ್ಯಾಂಟರ್ನ್ ಯಾರು ಅಂತ ತಿಳಿಯದವರೂ ಓದುತ್ತಾರೆ, ಅವರಿಗೆ ಒಂದು ಸಾಲು ಸಾಕು. ಆಮೇಲೆ, ಫ್ಲ್ಯಾಶ್ ಈ ಸಂಚಿಕೆಯಲ್ಲಿ ಒಂದೇ ಚೌಕದಲ್ಲಿ ಬಂದು ಹೋಗುತ್ತಾನೆ ಅಂತ ಬರೆದಿದ್ದೀಯ. ಇಲ್ಲ. ಮುಖಪುಟ ಬಿಟ್ಟರೆ ಅವನು ಬರೋದು ಎರಡನೇ ಸಂಚಿಕೆಗೆ, ವಂಡರ್ ವುಮನ್ ಮೂರನೆಯದಕ್ಕೆ. ಇಂಥ ಒಂದು ತಪ್ಪು ಸಿಕ್ಕರೆ ಸಾಕು, ಕಾಮಿಕ್ಸ್ ಓದುವವರು ಉಳಿದದ್ದನ್ನು ಓದೋದೇ ಇಲ್ಲ. ಸಂಚಿಕೆಯನ್ನು ಮುಂದಿಟ್ಟುಕೊಂಡು ಇನ್ನೊಂದು ಸಲ ತಿದ್ದು. ಅರ್ಧಕ್ಕೆ ಇಳಿಸಿ ಕಳಿಸು.

ನಿನ್ನ ಅಕ್ಕ