ಮಂಜುನಾಥನಿಗೆ ದೊಡ್ಡಮ್ಮನ ಪತ್ರ

ಚಿತ್ರದುರ್ಗ

ಚಿ. ಮಂಜುನಾಥನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಹಾರ್ಟ್ ಅಟ್ಯಾಕ್ ಆದ ಮೇಲೆ ಗ್ರೂಪ್ ಥೆರಪಿಗೆ ಹೋಗು ಅಂತ ಡಾಕ್ಟರ್ ನಿನಗೆ ಹೇಳಿದ್ದಕ್ಕೆ "ನನಗೇನು ಹುಚ್ಚು ಹಿಡಿದಿದೆಯಾ?" ಅಂದೆಯಂತೆ. ಶೋಭಾ ಫೋನಿನಲ್ಲಿ ಹೇಳಿದಳು. ಹುಚ್ಚಲ್ಲ ಕಣೋ. ಹಾರ್ಟ್ ಅಟ್ಯಾಕ್ ಆದವರಲ್ಲಿ ಸುಮಾರು ಐದು ಜನಕ್ಕೆ ಒಬ್ಬರಿಗೆ ಖಿನ್ನತೆ ಬರುತ್ತದೆ. ಬಿಪಿ, ಶುಗರ್ ನೋಡಿಕೊಂಡ ಹಾಗೆ ಇದನ್ನೂ ನೋಡಿಕೊಳ್ಳಬೇಕು.

ದಾವಣಗೆರೆಗೆ ಬಂದಾಗ ನಾನೇ ಕಣ್ಣಾರೆ ನೋಡಿದೆನಲ್ಲ. ಮುಂದಿಟ್ಟ ಟೀ ಆರುತ್ತಿತ್ತು. ನೀನು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಗೋಡೆ ಗಡಿಯಾರ ನೋಡುತ್ತಾ ನಾಡಿ ಎಣಿಸುತ್ತಿದ್ದೆ. ಎಣಿಸಿ ಮುಗಿಸಿ, ಮತ್ತೆ ಮೊದಲಿನಿಂದ. ಕುಂದುವಾಡ ಕೆರೆಗೆ ದಿನಾ ವಾಕಿಂಗ್ ಹೋಗುತ್ತಿದ್ದವನು ಈಗ ಗೇಟು ದಾಟುತ್ತಿಲ್ಲ. ಹೆದರಿದರೂ ಎದೆ ಡವಡವ ಹೊಡೆದುಕೊಳ್ಳುತ್ತದೆ, ಅಲ್ವಾ? ಅದನ್ನು ನೋಡಿ ಹೆದರಿಕೆ ಇನ್ನೂ ಜಾಸ್ತಿಯಾಗುತ್ತದೆ. ಈ ಸುಳಿಯಿಂದ ಒಬ್ಬನೇ ಹೊರಗೆ ಬರುವುದು ಕಷ್ಟ. (ಎದೆ ನೋವು, ಬೆವರು, ಉಸಿರು ಕಟ್ಟಿದ ಹಾಗೆ ಆದರೆ, ಇದು ಬರೀ ಭಯವೇ ಇರಬೇಕು ಅಂತ ಸುಮ್ನೆ ಕೂರಬೇಡ. ತಕ್ಷಣ 108ಕ್ಕೆ ಫೋನ್ ಮಾಡಿ.)

ಗುಂಪಿನಲ್ಲಿ ನಿನ್ನಂಥವರೇ ಎಂಟು ಹತ್ತು ಜನ ಇರುತ್ತಾರೆ, ನಡೆಸಿಕೊಡಲು ಒಬ್ಬ ಮನಶ್ಶಾಸ್ತ್ರಜ್ಞರು. ಮಾತಾಡಲೇಬೇಕು ಅಂತಿಲ್ಲ, ಮೊದಮೊದಲು ಕೇಳಿಸಿಕೊಂಡರೂ ಸಾಕು. ಅಲ್ಲಿ ಆಡಿದ್ದನ್ನು ಹೊರಗೆ ಆಡಬಾರದು ಅನ್ನುವ ಕಟ್ಟು ಇರುತ್ತದೆ. "ರಾತ್ರಿ ಮಲಗಿದರೆ ಬೆಳಿಗ್ಗೆ ಏಳುತ್ತೀನೋ ಇಲ್ಲವೋ ಅನ್ನಿಸುತ್ತದೆ" ಅಂತ ಪಕ್ಕದವರು ಬಾಯಿ ಬಿಟ್ಟರೆ, ನಾವೆಲ್ಲ ಧೈರ್ಯವಾಗಿರು ಅಂದಿದ್ದಕ್ಕಿಂತ ಅದೇ ನಿನಗೆ ನಾಟುತ್ತದೆ. ನಾವು ಆ ಸಂಕಟ ಉಂಡವರಲ್ಲವಲ್ಲ.

ಸ್ವೀಡನ್ನಿನಲ್ಲಿ 362 ಹೃದಯ ರೋಗಿಗಳ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಗಿದೆ. ಮಾಮೂಲಿ ಚಿಕಿತ್ಸೆಯ ಜೊತೆಗೆ ಒಂದು ವರ್ಷದಲ್ಲಿ 20 ಸಲ ಗುಂಪಿನಲ್ಲಿ ಕೂತವರಿಗೆ ಹೃದಯದ ತೊಂದರೆ ಮರುಕಳಿಸಿದ್ದು ಉಳಿದವರಿಗಿಂತ ಶೇ. 41ರಷ್ಟು ಕಡಿಮೆ. ಎಲ್ಲ ಅಧ್ಯಯನಗಳಲ್ಲೂ ಇಷ್ಟು ಲಾಭ ಕಂಡಿಲ್ಲ, ನಿಜ. ಮನಸ್ಸಿನ ಭಾರ ಇಳಿದರೂ ನನಗೆ ಅಷ್ಟೇ ಸಾಕು.

ಹೃದಯದ ಮಾತ್ರೆ ಒಂದು ದಿನವೂ ತಪ್ಪಿಸಬೇಡ. ಮನಸ್ಸಿಗೆ ಮಾತ್ರೆ ಬರೆದುಕೊಟ್ಟರೆ ಹಾರ್ಟ್ ಡಾಕ್ಟರಿಗೂ ತೋರಿಸು. ಅಪರಾತ್ರಿಯಲ್ಲಿ ದಿಗಿಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ.

ಮೊದಲ ದಿನ ಶೋಭಾ ಜೊತೆಗೆ ಬರುತ್ತಾಳೆ. ನೀನು ಹೂಂ ಅಂದರೆ ನಾನೂ ದುರ್ಗದಿಂದ ಬೆಳಗಿನ ಬಸ್ಸಿಗೆ ಬಂದು ಹೊರಗೆ ಕೂತಿರುತ್ತೇನೆ. ಯಾವ ವಾರ, ಎಷ್ಟು ಹೊತ್ತಿಗೆ ಅಂತ ಕೇಳಿಕೊಂಡು ಫೋನ್ ಮಾಡು.

ಇಂತಿ ನಿನ್ನ
ದೊಡ್ಡಮ್ಮ