ನಿನ್ನ ಕತ್ತೆಕಿರುಬದ ಬಗ್ಗೆ

ಪುಟ್ಟಿ,

ನಿನ್ನ ಕಾಗದ ಪೂರ್ತಿ ಓದಿದೆ, ಆದರೆ ಒಂದು ಸಾಲು ಮಾತ್ರ ತಲೆಯಿಂದ ಹೋಗುತ್ತಿಲ್ಲ. ನಿಮ್ಮ ಹೊಸ ಕಾರ್ಟೂನ್ ಸಿನಿಮಾಗೆ ಕೆಟ್ಟ ಪಾತ್ರವಾಗಿ ನೀನು ಬರೆಯುತ್ತಿರುವ ಕತ್ತೆಕಿರುಬದ ಬಗ್ಗೆ, ಸಂಬಳದ ಮಾತಿಗೂ ಹೊಸ ಟೀಮಿನ ಮಾತಿಗೂ ನಡುವೆ ಸಿಕ್ಕಿಸಿ ಬರೆದಿದ್ದೀಯ: "ನನ್ನ ಕತ್ತೆಕಿರುಬವನ್ನು ನೋಡಿ ಮಕ್ಕಳು ಆ ಪ್ರಾಣಿಯನ್ನೇ ದ್ವೇಷಿಸೋಕೆ ಶುರು ಮಾಡಿದರೆ, ದೊಡ್ಡಮ್ಮ?"

ಹಾಗೇನೂ ಆಗಲ್ಲ ಬಿಡು ಅಂತ ಹೇಳೋಕೆ ನನಗೆ ಮನಸ್ಸು ಬರುತ್ತಿಲ್ಲ. ಆಗುತ್ತದೆ. 1975ರಲ್ಲಿ 'ಜಾಸ್' ಸಿನಿಮಾ ಬಂದ ಮೇಲೆ ಶಾರ್ಕ್ ಅಂದರೆ ಮನುಷ್ಯರನ್ನೇ ಹುಡುಕಿಕೊಂಡು ಬರುವ ಮೀನು ಅಂತ ಎಷ್ಟೋ ಜನ ನಂಬಿಬಿಟ್ಟರು. ಅದರ ಮೂಲ ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಆಮೇಲೆ ಬಹಳ ನೊಂದುಕೊಂಡು, ಶಾರ್ಕ್‌ಗಳನ್ನು ಉಳಿಸುವ ಕೆಲಸಕ್ಕೇ ನಿಂತರು. ನಿನಗೆ ಸಿನಿಮಾ ಬರುವ ಮೊದಲೇ ಈ ಯೋಚನೆ ಬಂದಿದೆ. ಅದು ನನಗೆ ಸಂಕಟವೂ ಹೌದು, ಸಮಾಧಾನವೂ ಹೌದು.

ಆಫ್ರಿಕಾದ ಚುಕ್ಕೆ ಕತ್ತೆಕಿರುಬ ನೋಡು. 1994ರ ಕಾರ್ಟೂನ್ ಸಿನಿಮಾ 'ದಿ ಲಯನ್ ಕಿಂಗ್'ನಲ್ಲಿ ಅವು ಹೊಟ್ಟೆಬಾಕರು, ಕೆಟ್ಟವನ ಬಾಲ ಹಿಡಿದ ಪುಂಡರು. ನಿಜವಾಗಿ ಅವು ತಿನ್ನುವುದರಲ್ಲಿ ಜಾಸ್ತಿ ಪಾಲು ತಾವೇ ಬೇಟೆಯಾಡಿದ್ದು. ಗುಂಪಿಗೆ ಹೆಣ್ಣೇ ಯಜಮಾನಿ. ಹಾನ್ಸ್ ಕ್ರೂಕ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಟಾಂಜಾನಿಯಾದ ಗೊರೊಂಗೊರೊದಲ್ಲಿ ರಾತ್ರಿ ಹೊತ್ತು ಇವುಗಳ ಹಿಂದೆ ಓಡಾಡಿದರು. ಕತ್ತಲಲ್ಲಿ ಕತ್ತೆಕಿರುಬಗಳು ಬೇಟೆಯಾಡುತ್ತವೆ, ಸದ್ದು ಕೇಳಿ ಸಿಂಹಗಳು ಬಂದು ಕಿತ್ತುಕೊಳ್ಳುತ್ತವೆ, ಬೆಳಗ್ಗೆ ಬಂದ ಜನರ ಕಣ್ಣಿಗೆ ಬೀಳುವುದು ತಿನ್ನುತ್ತಾ ಕೂತ ಸಿಂಹ ಮತ್ತು ಸುತ್ತ ಕಾಯುತ್ತಾ ನಿಂತ ಕತ್ತೆಕಿರುಬಗಳು. ಯಾರು ರಾಜ, ಯಾರು ಕಳ್ಳ ಅನ್ನೋದು ಅಲ್ಲೇ ತೀರ್ಮಾನವಾಗಿಬಿಟ್ಟಿತು. ಮುಂದೆ ಚಿತ್ರ ಬರೆಯುವವರೂ ಬೆಳಗ್ಗೆ ಕಂಡದ್ದನ್ನೇ ಬರೆದೆವು.

ನಾನು ಕಾರ್ಟೂನ್ ಸ್ಟುಡಿಯೋದಲ್ಲಿ ಲೈಟ್ ಬಾಕ್ಸ್ ಮುಂದೆ ಕೂತು ಇನ್-ಬಿಟ್ವೀನ್, ಅಂದರೆ ಎರಡು ಮುಖ್ಯ ಭಂಗಿಗಳ ನಡುವಿನ ಚಿತ್ರಗಳನ್ನು, ಬರೆಯುತ್ತಿದ್ದ ಕಾಲದಲ್ಲಿ ತೋಳ ಹೇಗಿರಬೇಕು ಅಂತ ಯಾರೂ ಚರ್ಚೆ ಮಾಡುತ್ತಿರಲಿಲ್ಲ. ಪಾತ್ರ ಹೀಗೇ ಇರಬೇಕು ಅಂತ ತೋರಿಸುವ ಮಾಡೆಲ್ ಶೀಟ್ ಬರುತ್ತಿತ್ತು. ತಲೆ ಭುಜಕ್ಕಿಂತ ಕೆಳಗೆ, ಮೂತಿ ತ್ರಿಕೋನ, ಕಣ್ಣು ಸಣ್ಣದು, ಹಳದಿ. ಮೊಲಕ್ಕೆ ದುಂಡು ಕೆನ್ನೆ, ಅಗಲ ಹಣೆ, ದೊಡ್ಡ ಕಣ್ಣು. ಮಗುವಿನಂಥ ಮುಖ ಕಂಡರೆ ನಮಗೆ ಮುದ್ದು ಉಕ್ಕುತ್ತದೆ ಅಂತ ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ವಿಜ್ಞಾನಿ ಕಾನ್ರಾಡ್ ಲೊರೆಂಟ್ಸ್ 1943ರಲ್ಲೇ ಬರೆದಿದ್ದರು, ಮಿಕ್ಕಿ ಮೌಸ್‌ನ ತಲೆ ಮತ್ತು ಕಣ್ಣು ವರ್ಷ ಕಳೆದಂತೆ ದೊಡ್ಡದಾಗುತ್ತಾ ಬಂದದ್ದನ್ನು ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ 1979ರಲ್ಲಿ ಅಳತೆ ಸಮೇತ ತೋರಿಸಿದರು. ಇದೆಲ್ಲಾ ನಿನಗೆ ಕಾಲೇಜಿನಲ್ಲೇ ಹೇಳಿಕೊಟ್ಟಿರುತ್ತಾರೆ, ಅಲ್ವಾ. ನನ್ನ ಕೊರಗು ಬೇರೆ. ಅಷ್ಟು ವರ್ಷ ತೋಳ ಬರೆದರೂ ಒಂದು ತೋಳವನ್ನು ಕಣ್ಣಾರೆ ಕಾಣಲಿಲ್ಲ. ಜಿಂಕೆ ಮರಿಯ ಕತೆಯಾದ 1942ರ 'ಬ್ಯಾಂಬಿ' ಕಾರ್ಟೂನ್ ಸಿನಿಮಾ ಮಾಡುವಾಗ ಸ್ಟುಡಿಯೋಗೇ ಜಿಂಕೆ ಮರಿಗಳನ್ನು ತಂದು ಸಾಕಿದ್ದರಂತೆ ಅಂತ ಓದಿದಾಗೆಲ್ಲಾ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಗುತ್ತಿತ್ತು. ಚಿತ್ರ ನೋಡಿ ಚಿತ್ರ ಬರೆಯುವುದರಲ್ಲೇ ನನ್ನ ಕೈ ಸವೆಯಿತು. ಯಾರೋ ಎಂದೋ ಬರೆದ ಭಯ ನನ್ನ ಪೆನ್ಸಿಲ್ಲಿನಿಂದಲೂ ಮುಂದಕ್ಕೆ ಹೋಯಿತು.

ಅದಕ್ಕೇ ನಿನ್ನ ಸಾಲು ನನಗೆ ಅಷ್ಟು ನಾಟಿತು.

ಆದರೆ ಪುಟ್ಟಿ, ಹೀಗೆ ಬಂದ ಭಯವನ್ನು ಚಿತ್ರವೇ ತಿರುಗಿಸಿದ್ದೂ ಉಂಟು. ರಷ್ಯಾ ಅಂದರೆ ಉಗುರು ಚಾಚಿದ ಕರಡಿ ಅಂತ ಪಶ್ಚಿಮದ ವ್ಯಂಗ್ಯಚಿತ್ರಗಾರರು ಎಷ್ಟೋ ಕಾಲ ಬರೆದರು. 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ಮ್ಯಾಸ್ಕಾಟ್, ಅಂದರೆ ಕೂಟದ ಗುರುತಿನ ಬೊಂಬೆ, ಬೇಕಾದಾಗ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ ವಿಕ್ಟರ್ ಚಿಝಿಕೊವ್ ಅದೇ ಕರಡಿಯನ್ನು ಬರೆದರು. ದುಂಡು ಕಿವಿ. ಸೊಂಟಕ್ಕೆ ಬಣ್ಣದ ಪಟ್ಟಿ, ಅದರ ಬಕಲ್‌ನಲ್ಲಿ ಐದು ಉಂಗುರ. ಹೆಸರು ಮಿಶಾ. ಮುಖ್ಯವಾಗಿ, ಅವನು ನೋಡುವವರ ಕಡೆಗೇ ನೇರ ನೋಡುತ್ತಾನೆ. ಮುಕ್ತಾಯದ ದಿನ ಅವನ ದೊಡ್ಡ ಬೊಂಬೆಯನ್ನು ಬಲೂನುಗಳಿಗೆ ಕಟ್ಟಿ ಮೇಲೆ ಬಿಟ್ಟಾಗ ಕ್ರೀಡಾಂಗಣದಲ್ಲಿ ಜನ ಅತ್ತರು. ಕರಡಿ ಅದೇ ಕರಡಿ ಕಣೇ!

ಮುದ್ದಾಗಿ ಬರೆದುಬಿಟ್ಟರೆ ಎಲ್ಲಾ ಸರಿಯಾಗುತ್ತದೆ ಅಂತಲೂ ಅಲ್ಲ. 2014ರ ಬ್ರೆಜಿಲ್ ಫುಟ್‌ಬಾಲ್ ವಿಶ್ವಕಪ್‌ನ ಮ್ಯಾಸ್ಕಾಟ್ ಫುಲೆಕೊ ಒಂದು ಆರ್ಮಡಿಲೊ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುವ, ಕಾಡಿನಲ್ಲಿ ಕಡಿಮೆಯಾಗುತ್ತಿರುವ ಪ್ರಾಣಿ. ಒಂದೊಂದು ಗೋಲಿಗೆ 1000 ಹೆಕ್ಟೇರ್ ಕಾಡು ಕಾಪಾಡಿ ಅಂತ ವಿಜ್ಞಾನಿಗಳು ಕೇಳಿಕೊಂಡರು. ಬೊಂಬೆ ಎಷ್ಟೇ ಮಾರಿದರೂ ಪ್ರಾಣಿಗೆ ಇರೋಕೆ ಜಾಗ ಬೇಕಲ್ಲ. ಆದ್ದರಿಂದ ಒಂದು ಪ್ರಾಣಿಯ ಗತಿ ಪೂರ್ತಿ ನಿನ್ನ ಕೈಯಲ್ಲಿದೆ ಅಂತ ಹೊತ್ತುಕೊಳ್ಳಬೇಡ. ನಿನ್ನ ಪಾಲಿನದು ಮಾತ್ರ ನಿನ್ನದು. ಅದೂ ಸಣ್ಣದಲ್ಲ, ಗೊತ್ತು.

ಏನು ಮಾಡಬೇಕು ಅಂತ ಕೇಳಿದರೆ ನನ್ನ ಹತ್ತಿರ ದೊಡ್ಡ ಉಪಾಯವೇನೂ ಇಲ್ಲ, ನಿಮ್ಮ ಈಗಿನ ಕೆಲಸದ ರೀತಿ ನನಗೆ ಅಷ್ಟಾಗಿ ತಿಳಿಯದು. ಕತ್ತೆಕಿರುಬದ ಬೆನ್ನು ಹಿಂದಕ್ಕೆ ಇಳಿಜಾರಾಗಿರುತ್ತದೆ, ಅದನ್ನು ಕಳ್ಳನಡಿಗೆ ಮಾಡಬೇಡ. ಬಿಡದೆ ಬಹಳ ದೂರ ಓಡುವ ಪ್ರಾಣಿ ಅದು. ಕತೆಗೆ ಕೆಟ್ಟವನು ಬೇಕೇ ಬೇಕು ಅಂದರೆ ಇರಲಿ, ಆದರೆ ಆ ಜಾತಿಯದ್ದೇ ಇನ್ನೊಂದು ಇರಲಿ, ಕೆಟ್ಟದ್ದಲ್ಲದ್ದು. ಹಿನ್ನೆಲೆಯಲ್ಲಾದರೂ ಸಾಕು. ಗವಿಯ ಬಾಯಲ್ಲಿ ಮರಿಗೆ ಹಾಲು ಕೊಡುತ್ತಾ ಮಲಗಿದ ಒಂದು ತಾಯಿ. ಮರಿಗಳು ಕಪ್ಪಗಿರುತ್ತವೆ, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತವೆ, ತಾಯಿ ವರ್ಷದ ಮೇಲೂ ಹಾಲು ಕೊಡುತ್ತದೆ. ಈ ಒಂದು ಶಾಟ್ ಸ್ಟೋರಿಬೋರ್ಡ್‌ನಲ್ಲಿ ಹಾಕಿ ತೋರಿಸು, ಬಾಯಲ್ಲಿ ಹೇಳೋಕೆ ಹೋಗಬೇಡ, ಬಾಯಲ್ಲಿ ಹೇಳಿದ್ದನ್ನು ಸುಲಭವಾಗಿ ತಳ್ಳಿಹಾಕುತ್ತಾರೆ. ನಿರ್ದೇಶಕರು ಬೇಡ ಅಂದರೂ ಇನ್ನೊಂದು ಸಲ ಕೇಳು. ನಾನು ಒಂದು ಸಲವೂ ಕೇಳಿರಲಿಲ್ಲ.

ಸಾಧ್ಯವಾದರೆ, ಮಾಡೆಲ್ ಶೀಟ್ ಅಂತಿಮ ಮಾಡುವ ಮೊದಲು ಒಂದು ದಿನ ಹೋಗಿ ಜೀವಂತ ಕತ್ತೆಕಿರುಬ ನೋಡಿ ಬಾ. ಆಗದಿದ್ದರೆ ವಿಡಿಯೋ ಆದರೂ ಸರಿ, ಬೇರೆಯವರ ಚಿತ್ರ ಮಾತ್ರ ಮುಂದೆ ಇಟ್ಟುಕೊಳ್ಳಬೇಡ. ಬರೆದದ್ದನ್ನು ನನಗೂ ಕಳಿಸು. ಕಣ್ಣಿನ ಹತ್ತಿರ ಏನು ಮಾಡಿದ್ದೀಯ ಅಂತ ನೋಡಬೇಕು ನನಗೆ.

ನಿನ್ನ
ದೊಡ್ಡಮ್ಮ