ಮಕ್ಕಳಿಲ್ಲದವರ ಮುಪ್ಪು: ಗೆಳೆಯನಿಗೊಂದು ಪತ್ರ

ದಾವಣಗೆರೆ

ಪ್ರೀತಿಯ ಬಸವರಾಜ,

ನಿನ್ನ ಸೋದರತ್ತೆಯನ್ನು ಸರ್ಕಾರದ ಅನುದಾನದಲ್ಲಿ ನಡೆಯುವ ವೃದ್ಧಾಶ್ರಮಕ್ಕೆ ಸೇರಿಸಬಹುದೇ ಎಂದು ಕೇಳಿದ್ದೀಯ. ಗಂಡನನ್ನು ಕಳೆದುಕೊಂಡ, ಮಕ್ಕಳಿಲ್ಲದ, ಎಪ್ಪತ್ತು ದಾಟಿದ ಹೆಣ್ಣುಮಗಳು ಜಗಳೂರಿನ ಮನೆಯಲ್ಲಿ ಇನ್ನು ಒಬ್ಬರೇ ಇರಲಾಗದು ಎಂಬ ನಿನ್ನ ಆತಂಕ ನ್ಯಾಯವಾದದ್ದೇ. ಇಲ್ಲಿನ ಅಂಥದೊಂದು ಆಶ್ರಮಕ್ಕೆ ನಾನು ಬಹಳ ಕಾಲದಿಂದ ಹೋಗಿಬರುತ್ತಿರುವುದರಿಂದ, ಕಂಡದ್ದನ್ನು ಕಂಡಂತೆಯೇ ಬರೆಯುತ್ತೇನೆ.

ಊಟ, ಹಾಸಿಗೆಗೆ ಅಲ್ಲಿ ಕೊರತೆಯಿಲ್ಲ. ಬೆಳಿಗ್ಗೆ ಉಪ್ಪಿಟ್ಟೋ ಚಿತ್ರಾನ್ನವೋ, ಮಧ್ಯಾಹ್ನ ಮುದ್ದೆ, ಅನ್ನ, ಸಾರು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಗುಳಿಗೆಗಳೂ ಸಿಗುತ್ತವೆ. ಕೇಂದ್ರದ ಯೋಜನೆಯಡಿ 25 ಮಂದಿ ನಿರ್ಗತಿಕ ಹಿರಿಯರಿಗೆ ಒಂದು ಮನೆ ಎಂಬ ಲೆಕ್ಕದಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಡುತ್ತಾರೆ. ಹಣ ಕಂತಿನಲ್ಲಿ ಬರುತ್ತದೆ, ಕಂತು ತಡವಾದರೆ ಮೊದಲು ನಿಲ್ಲುವುದು ಅಡುಗೆಯವರ ಮತ್ತು ಆಯಾಗಳ ಸಂಬಳ. ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ಮಂದಿ ನಿರ್ಗತಿಕರಿಗೆ ಸಾಲುವ ಒಂದಾದರೂ ವೃದ್ಧಾಶ್ರಮ ಇರಲಿ ಎಂಬ ಮಾತು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಲ್ಲಿದೆ, ಆದರೆ ಅದನ್ನು ಸರ್ಕಾರಗಳಿಗೆ ಕಡ್ಡಾಯ ಮಾಡಲಿಲ್ಲ. ಅದೇ ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ.

ಮಕ್ಕಳಿಲ್ಲದವರು ಅಲ್ಲಿ ಹೆಚ್ಚು ಕೊರಗುತ್ತಾರೆಂದು ನೀನು ಭಾವಿಸಿರಬಹುದು. ನಾನು ನೋಡಿದ್ದು ಬೇರೆ. ಮೂವರು ಗಂಡುಮಕ್ಕಳಿದ್ದೂ ಅಲ್ಲಿಗೆ ಬಂದಿರುವ ತಾಯಿ ಯುಗಾದಿಯ ದಿನ ಗೇಟಿನ ಸದ್ದಾದಾಗಲೆಲ್ಲ ಎದ್ದು ಕೂರುತ್ತಾಳೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಮುದುಕಿಯಾದ, ಮಕ್ಕಳೇ ಇಲ್ಲದ ಇನ್ನೊಬ್ಬ ಅಜ್ಜಿ ಪಕ್ಕದಲ್ಲಿ ಕುಳಿತು ಅವಳ ತಲೆ ಬಾಚುತ್ತಾ ಸಮಾಧಾನ ಹೇಳುತ್ತಾಳೆ. ನಿರೀಕ್ಷೆಯಿಲ್ಲದವಳಿಗೆ ಆ ಸಂಕಟವಿಲ್ಲ. ಅವಳ ಕಷ್ಟ ಎದುರಾಗುವುದು ಬೇರೆ ಕಡೆ, ಕಾಗದಪತ್ರಗಳ ಮುಂದೆ.

ಆ ಭಟ್ಟಿಯ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಾಗ, ಶಸ್ತ್ರಚಿಕಿತ್ಸೆಗೆ ಹತ್ತಿರದ ಸಂಬಂಧಿಕರ ಸಹಿ ಬೇಕೆಂದು ಆಸ್ಪತ್ರೆಯವರು ಪಟ್ಟು ಹಿಡಿದರು. ಆಶ್ರಮದ ಮೇಲ್ವಿಚಾರಕಿ ಸಹಿ ಮಾಡುತ್ತೇನೆಂದರೂ ಒಪ್ಪಲಿಲ್ಲ. ಸೇರಿಸಿಕೊಂಡ ದಿನದ ಅರ್ಜಿ ತೆಗೆದು ನೋಡಿದರೆ ವಾರಸುದಾರರ ಹೆಸರಿನ ಎದುರು ಒಂದು ಗೆರೆ ಎಳೆದಿತ್ತು. ಅಜ್ಜಿ ನೋವಿನಿಂದ ನರಳುತ್ತಲೇ ಹರಪನಹಳ್ಳಿ ಕಡೆಯ ಒಬ್ಬ ಅಣ್ಣನ ಮಗನ ಹೆಸರು ಹೇಳಿದಳು. ಹುಡುಕಿಸಿ ಕರೆಸಿದ್ದಾಯಿತು. ಅವನು ಸಹಿ ಹಾಕಿದ, ಹಾಕಿದ ಮೇಲೆ ಮೊದಲು ವಿಚಾರಿಸಿದ್ದು ಪಾಸ್‌ಬುಕ್ ಯಾರ ಹತ್ತಿರ ಇದೆ ಎಂದು. ಅಷ್ಟರಲ್ಲಿ ಚಿಕಿತ್ಸೆ ತಡವಾಗಿತ್ತು. ಈಗ ಆಕೆ ವಾಕರ್ ಹಿಡಿದು ನಡೆಯುತ್ತಾಳೆ, ಅದೂ ಹಾಸಿಗೆಯಿಂದ ಬಾಗಿಲವರೆಗೆ ಮಾತ್ರ.

ಆದ್ದರಿಂದ ಅತ್ತೆಯನ್ನು ಸೇರಿಸುವುದಾದರೆ ಆ ಜಾಗದಲ್ಲಿ ನಿನ್ನ ಹೆಸರು, ನಿನ್ನ ಫೋನ್ ನಂಬರು ಇರಲೇಬೇಕು. ಆಸ್ಪತ್ರೆಗೂ, ಬ್ಯಾಂಕಿಗೂ, ಕೊನೆಗೆ ಮಣ್ಣು ಮಾಡುವುದಕ್ಕೂ ನಾನಿದ್ದೇನೆಂದು ಬರೆದುಕೊಡು. ಕೇಳುವವರಿದ್ದಾರೆ ಎಂದು ಗೊತ್ತಾದರೆ ಸಿಬ್ಬಂದಿಯ ನಡವಳಿಕೆಯೂ ಬದಲಾಗುತ್ತದೆ, ಇದನ್ನು ಬೇಸರದಿಂದಲೇ ಹೇಳುತ್ತಿದ್ದೇನೆ.

ಮನೆಯ ವಿಚಾರವನ್ನೂ ಮೊದಲೇ ನೋಡಿಕೊಳ್ಳಬೇಕು. ಜಗಳೂರಿನ ಮನೆ ಅತ್ತೆಗೆ ಗಂಡನಿಂದ ಬಂದದ್ದಾಗಿದ್ದು, ಅವರು ವಿಲ್ ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಮಕ್ಕಳಿಲ್ಲದ ಹಿರಿಯರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರರೇ ಅವರನ್ನು ಪೋಷಿಸಬೇಕೆಂದು 2007ರ ಕಾಯ್ದೆ ಹೇಳುವುದರಿಂದ, ಮೈದುನನ ಮಕ್ಕಳು ಆ ಮನೆಗೆ ಕಾಯುತ್ತಿರುವವರಾದರೆ ಜೀವನಾಂಶ ಕೇಳಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅದಕ್ಕೆ ವಕೀಲರ ಹಂಗಿಲ್ಲ. ಯಾರಿಗಾದರೂ ದಾನಪತ್ರ ಬರೆದುಕೊಡುವುದಾದರೆ, ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು ಎಂಬ ಷರತ್ತನ್ನು ಪತ್ರದಲ್ಲಿಯೇ ಬರೆಸು. ಆ ಷರತ್ತು ಮುರಿದರೆ ಪತ್ರವನ್ನು ರದ್ದುಪಡಿಸಲು ಅದೇ ಕಾಯ್ದೆಯ 23ನೇ ಕಲಂನಲ್ಲಿ ಅವಕಾಶವಿದೆ. ಆಸ್ತಿಯೂ ಇಲ್ಲದ, ಮಕ್ಕಳೂ ಇಲ್ಲದ ಭಟ್ಟಿಯ ಅಜ್ಜಿಯಂಥವರಿಗೆ ಮಾತ್ರ ಈ ಕಾಯ್ದೆಯಲ್ಲಿ ಕೈ ತೋರಿಸಲು ಯಾರೂ ಇಲ್ಲ, ಅವರಿಗೆ ಉಳಿಯುವುದು ಆಶ್ರಮವೊಂದೇ.

ತೀರ್ಮಾನಕ್ಕೆ ಮೊದಲು ಅತ್ತೆಯನ್ನೇ ಒಮ್ಮೆ ಕರೆದುಕೊಂಡು ಬಾ. ಒಂದು ಹಗಲು ಅವರು ಅಲ್ಲಿಯೇ ಉಂಡು, ಅಲ್ಲಿರುವವರ ಜೊತೆ ಮಾತಾಡಲಿ. ಅವರಿಗೆ ಒಪ್ಪಿಗೆಯಾಗದಿದ್ದರೆ ಒತ್ತಾಯ ಬೇಡ. ನಮ್ಮ ಬೀದಿಯಲ್ಲಿಯೇ ಒಂದು ಕೋಣೆ ನೋಡೋಣ.

ನಿನ್ನ,
ಶಿವಕುಮಾರ